ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪಾಠ ನಡೆಯಬೇಕಾದರೆ: ಪ್ರೌಢಶಾಲಾ ಶಿಕ್ಷಕರಿಗೆ ಸಮಗ್ರ ಮಾರ್ಗದರ್ಶಿ

ಜೂನ್‌ನಲ್ಲಿ ‘10ನೇ ಎ ವಿಜ್ಞಾನ’ ಎಂಬ ಗುಂಪು ಶುರುವಾಗುತ್ತದೆ. ಜುಲೈ ಹೊತ್ತಿಗೆ ಅದರಲ್ಲಿ ಮೂರೇ ಥರದ ಸರಕು: ಹೂವಿನ ಚಿತ್ರದ ಶುಭೋದಯ, ಯಾವುದೋ ಟ್ಯುಟೋರಿಯಲ್‌ನವರ ಅರವತ್ತು ಪುಟದ ಪಿಡಿಎಫ್, ಅದರ ಕೆಳಗೆ ಸಾಲಾಗಿ ‘ಓಕೆ ಸರ್’. ಆಗಸ್ಟ್‌ನಲ್ಲಿ ಅರ್ಧ ಪೋಷಕರು ಮ್ಯೂಟ್ ಮಾಡಿರುತ್ತಾರೆ. ಆಮೇಲೆ ‘ಮಕ್ಕಳಿಗೆ ಆಸಕ್ತಿ ಇಲ್ಲ’ ಎಂಬ ಮಾತು ಸ್ಟಾಫ್ ರೂಮಿನಲ್ಲಿ ಕೇಳಿಬರುತ್ತದೆ.

ಆಸಕ್ತಿಯ ಪ್ರಶ್ನೆ ಇದಲ್ಲ. ಗುಂಪಿಗೆ ಹಾಕಿದ್ದು ಮಗುವಿನಿಂದ ಏನನ್ನೂ ಕೇಳಲಿಲ್ಲ, ಮಾರನೆಯ ದಿನ ತರಗತಿಯಲ್ಲಿ ಅದರ ಮಾತೇ ಬರಲಿಲ್ಲ. ಜೊತೆಗೆ ಫೋನ್ ಅಪ್ಪನದು, ಅಪ್ಪ ಮನೆಗೆ ಬರುವುದು ರಾತ್ರಿ ಏಳಕ್ಕೆ. ಈ ಮೂರನ್ನು ಸರಿಪಡಿಸದೆ ಆ್ಯಪ್ ಬದಲಿಸಿದರೆ ಪ್ರಯೋಜನವಿಲ್ಲ. ಕೆಳಗಿನ ಹಂತಗಳ ಅನುಕ್ರಮ ಮುಖ್ಯ. ಬಹುಪಾಲು ಗುಂಪುಗಳು ಕೆಡುವುದು ಮೂರನೆಯ ಹಂತದಿಂದ ಆರಂಭಿಸಿದ್ದಕ್ಕೆ.

ಬೇಕಾಗುವ ಸಾಮಾನು

ಒಂದು ಸ್ಮಾರ್ಟ್‌ಫೋನ್. ಸಾಧ್ಯವಾದರೆ ಶಾಲೆಯ ಕೆಲಸಕ್ಕೆಂದೇ ಇನ್ನೊಂದು ಸಿಮ್. ಬಿಳಿ ಹಾಳೆ, ದಪ್ಪ ಮೊನೆಯ ಕಪ್ಪು ಪೆನ್ನು, ಫೋನನ್ನು ಮೇಲಿನಿಂದ ನಿಲ್ಲಿಸಲು ಒಂದು ಸ್ಟ್ಯಾಂಡು. ಸ್ಟ್ಯಾಂಡ್ ಇಲ್ಲವೆಂದರೆ ಎರಡು ಕಡೆ ಪುಸ್ತಕ ಪೇರಿಸಿ, ಮೇಲೆ ಅಡ್ಡಲಾಗಿ ಎರಡು ಮರದ ಸ್ಕೇಲು ಇಟ್ಟು, ಅವುಗಳ ನಡುವೆ ಕ್ಯಾಮೆರಾ ಕೆಳಮುಖವಾಗುವಂತೆ ಫೋನ್ ಮಲಗಿಸಿದರೆ ಸಾಕು. ರಿಂಗ್ ಲೈಟು, ಕಾಲರ್ ಮೈಕು ಮೊದಲ ವರ್ಷ ಬೇಡ.

ಹಂತ 1: ಗುಂಪು ಮಾಡುವ ಮೊದಲು ಫೋನ್ ಲೆಕ್ಕ

‘ಯಾರ ಮನೆಯಲ್ಲಿ ಫೋನ್ ಇಲ್ಲ, ಕೈ ಎತ್ತಿ’ ಎಂದು ತರಗತಿಯಲ್ಲಿ ಕೇಳಬೇಡಿ. ಇಲ್ಲದವರು ಕೈ ಎತ್ತುವುದಿಲ್ಲ, ಎತ್ತಿದವರು ಮತ್ತೆ ಬಾಯಿ ಬಿಡುವುದಿಲ್ಲ. ಪ್ರತಿ ಮಗುವಿಗೂ ಒಂದು ಚೀಟಿ ಕೊಟ್ಟು ನಾಲ್ಕು ಪ್ರಶ್ನೆಗೆ ಉತ್ತರ ಬರೆಸಿ:

1. ಮನೆಯಲ್ಲಿರುವ ಸ್ಮಾರ್ಟ್‌ಫೋನ್ ಯಾರದು?
2. ಅದು ಮನೆಯಲ್ಲಿರುವುದು ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ?
3. ಇಂಟರ್ನೆಟ್ ರೀಚಾರ್ಜ್ ತಿಂಗಳಿಡೀ ಇರುತ್ತದೆಯೇ, ಕೆಲವು ದಿನ ಮಾತ್ರವೇ?
4. ಅಣ್ಣ, ಅಕ್ಕ, ತಂಗಿ ಯಾರಾದರೂ ಅದೇ ಫೋನಿನಲ್ಲಿ ಓದುತ್ತಾರೆಯೇ?

ಹೆಚ್ಚು ಕೆಲಸಕ್ಕೆ ಬರುವುದು ಎರಡನೆಯ ಪ್ರಶ್ನೆ. ತರಗತಿಯ ಹೆಚ್ಚಿನ ಫೋನುಗಳು ಮನೆ ಸೇರುವ ಹೊತ್ತೇ ನಿಮ್ಮ ಸಂದೇಶ ಹೋಗಬೇಕಾದ ಹೊತ್ತು. ಕೂಲಿ, ಗಾರ್ಮೆಂಟ್ಸ್, ಡ್ರೈವಿಂಗ್ ಕೆಲಸದವರ ಮನೆಗಳಲ್ಲಿ ಇದು ಸಾಮಾನ್ಯವಾಗಿ ಸಂಜೆ ಏಳರ ಮೇಲೆ. ಬೆಳಿಗ್ಗೆ ಹತ್ತಕ್ಕೆ ಹಾಕಿದ ಪ್ರಶ್ನೆ ಸಂಜೆಯೊಳಗೆ ನೂರು ಫಾರ್ವರ್ಡ್‌ಗಳ ಅಡಿ ಹೂತುಹೋಗಿರುತ್ತದೆ.

ಫೋನ್ ಇಲ್ಲದ ಮಕ್ಕಳನ್ನು ಒಂದೇ ಬೀದಿಯ, ಒಂದೇ ಹಳ್ಳಿಯ ಫೋನ್ ಇರುವವರ ಜೊತೆ ಜೋಡಿ ಮಾಡಿ. ಜೋಡಿಯ ಕೆಲಸ ಇಷ್ಟೇ: ಪ್ರಶ್ನೆಯನ್ನು ಬಾಯಲ್ಲಿ ಹೇಳುವುದು. ಫೋನ್ ಕೊಡು ಎಂದು ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಸಂಜೆ ಫೋನ್ ಸಿಗುವುದಿಲ್ಲವೆಂದು ಚೀಟಿಗಳು ಹೇಳಿದರೆ ವಿಡಿಯೊ ಯೋಚನೆ ಬಿಟ್ಟು, ಪಠ್ಯ ಮತ್ತು ಧ್ವನಿ ಸಂದೇಶಕ್ಕೆ ನಿಲ್ಲಿಸಿ.

ಹಂತ 2: ಒಪ್ಪಿಗೆ ಪತ್ರ

ವಾಟ್ಸ್‌ಆ್ಯಪ್ ಖಾತೆಗೆ ಕನಿಷ್ಠ ವಯಸ್ಸು 13. ಎಂಟನೆಯ ತರಗತಿಯ ಕೆಲವರು ಇನ್ನೂ ಆ ಗಡಿಯಲ್ಲೇ ಇರುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನ ಎಲ್ಲರನ್ನೂ ಮಕ್ಕಳೆಂದೇ ಎಣಿಸಿ ಪೋಷಕರ ಒಪ್ಪಿಗೆಯನ್ನು ಕೇಳುತ್ತದೆ. ಹಾಗಾಗಿ ಗುಂಪಿಗೆ ಸೇರಬೇಕಾದ್ದು ಪೋಷಕರ ನಂಬರು. ಮಗುವಿನ ಹೆಸರಲ್ಲೇ ಸಿಮ್ ಇದ್ದರೂ ಅಷ್ಟೇ.

ಪತ್ರ ಒಂದು ಪುಟ ಮೀರದಿರಲಿ. ಗುಂಪಿನ ಉದ್ದೇಶ, ಅಡ್ಮಿನ್ ಆಗಿರುವ ಇಬ್ಬರು ಶಿಕ್ಷಕರ ಹೆಸರು, ಸಂದೇಶ ಬರುವ ಸಮಯ, ವರ್ಷದ ಕೊನೆಗೆ ಗುಂಪು ಮುಚ್ಚುವ ದಿನ ಅದರಲ್ಲಿರಲಿ. ಕೆಳಗೆ ಪ್ರತ್ಯೇಕವಾಗಿ ಎರಡು ಚೌಕ ಇಡಿ: ‘ನಂಬರನ್ನು ಗುಂಪಿಗೆ ಸೇರಿಸಬಹುದು’, ‘ಮಗುವಿನ ಫೋಟೊ ಗುಂಪಿನಲ್ಲಿ ಹಾಕಬಹುದು’. ಮೊದಲನೆಯದಕ್ಕೆ ಹೂಂ ಎಂದವರು ಎರಡನೆಯದಕ್ಕೆ ಬೇಡವೆನ್ನಬಹುದು. ಎರಡನ್ನೂ ಒಂದೇ ಸಹಿಯಲ್ಲಿ ಸೇರಿಸುವುದೇ ಮುಂದಿನ ಜಗಳಕ್ಕೆ ಬೀಜ.

ಪತ್ರಕ್ಕೆ ಎಚ್‌ಎಂ (ಮುಖ್ಯ ಶಿಕ್ಷಕರ) ಸಹಿ ಇರಲಿ. ಪೋಷಕರ ಸಭೆಯಲ್ಲಿ ಓದಿ ಹೇಳಿ. ಓದು ಬರಹ ಬಾರದ ತಾಯಿ ಹೆಬ್ಬೆಟ್ಟು ಒತ್ತುವ ಮೊದಲು ಆಕೆಗೆ ವಿಷಯ ತಿಳಿದಿರಬೇಕು.

ಹಂತ 3: ಯಾವ ಜಾಲತಾಣ?

ಸಂದೇಶಕ್ಕೆ ವಾಟ್ಸ್‌ಆ್ಯಪ್, ವಿಡಿಯೊ ಇಡಲು ಯೂಟ್ಯೂಬ್. ಮೊದಲ ವರ್ಷಕ್ಕೆ ಇವೆರಡೇ ಸಾಕು. ಪಾಠಕ್ಕೆಂದು ಇನ್‌ಸ್ಟಾಗ್ರಾಮ್ ತೆರೆದ ಮಗು ಮೂರನೆಯ ರೀಲಿಗೆ ಪಾಠ ಮರೆತಿರುತ್ತದೆ. ಫೇಸ್‌ಬುಕ್ ಪುಟ ಶಾಲಾ ವಾರ್ಷಿಕೋತ್ಸವದ ಪ್ರಚಾರಕ್ಕೆ ಸರಿ, ಕಲಿಕೆಗೆ ಅಲ್ಲ. ಟೆಲಿಗ್ರಾಂನಲ್ಲಿ ದೊಡ್ಡ ಫೈಲು ಹಂಚುವುದು ಸುಲಭ, ಆದರೆ ಪೋಷಕರ ಫೋನಿನಲ್ಲಿ ಅದು ಇರುವುದು ಕಡಿಮೆ, ಅಪರಿಚಿತರ ಕಾಟ ಜಾಸ್ತಿ.

ಹಂತ 4: ಗುಂಪು ಕಟ್ಟುವ ಅನುಕ್ರಮ

ಸಾಮಾನ್ಯವಾಗಿ ಎಲ್ಲರನ್ನೂ ಸೇರಿಸಿದ ಮೇಲೆ ಸೆಟ್ಟಿಂಗ್ ನೋಡುತ್ತಾರೆ. ಆ ಅರ್ಧ ಗಂಟೆಯಲ್ಲೇ ಐದು ಶುಭೋದಯ, ಒಂದು ಲಾಟರಿ ಲಿಂಕು ಬಂದಿರುತ್ತದೆ. ಕ್ರಮ ಹೀಗಿರಲಿ:

1. ನೀವು ಮತ್ತು ಇನ್ನೊಬ್ಬ ಶಿಕ್ಷಕರು, ಇಬ್ಬರೇ ಸೇರಿ ಗುಂಪು ತೆರೆಯಿರಿ. ಇಬ್ಬರೂ ಅಡ್ಮಿನ್. ಹೆಣ್ಣುಮಕ್ಕಳಿರುವ ತರಗತಿಯಾದರೆ ಒಬ್ಬರು ಮೇಡಂ ಇರಲೇಬೇಕು.
2. ಹೆಸರಿನಲ್ಲಿ ತರಗತಿ, ವಿಷಯ, ವರ್ಷ ಮೂರೂ ಇರಲಿ. ವರ್ಷ ಹಾಕದಿದ್ದರೆ ಹಳೆಯ ಗುಂಪು ಯಾವುದು ಹೊಸತು ಯಾವುದು ಎಂದು ಪೋಷಕರಿಗೆ ಗೊಂದಲ.
3. ಗ್ರೂಪ್ ಪರ್ಮಿಷನ್ಸ್‌ನಲ್ಲಿ ಸಂದೇಶ ಕಳಿಸುವುದು, ಗುಂಪಿನ ವಿವರ ಬದಲಿಸುವುದು, ಸದಸ್ಯರನ್ನು ಸೇರಿಸುವುದು ಮೂರೂ ಅಡ್ಮಿನ್‌ಗೆ ಮಾತ್ರ. ‘ಅಪ್ರೂವ್ ನ್ಯೂ ಮೆಂಬರ್ಸ್’ ಆನ್.
4. ‘ಡಿಸಪಿಯರಿಂಗ್ ಮೆಸೇಜಸ್’ ಆಫ್. ಇದು ಆನ್ ಇದ್ದರೆ ಪರೀಕ್ಷೆ ಹೊತ್ತಿಗೆ ಹಳೆಯ ಪ್ರಶ್ನೆಗಳೆಲ್ಲ ಮಾಯ.
5. ಈಗ ಒಪ್ಪಿಗೆ ಪತ್ರ ನೋಡಿಕೊಂಡು ಒಂದೊಂದೇ ನಂಬರ್ ಸೇರಿಸಿ. ಸೇವ್ ಮಾಡುವಾಗ ‘10ಎ 17 ತಾಯಿ’ ಎಂದು ತರಗತಿ, ಹಾಜರಿ ಸಂಖ್ಯೆ ಮೊದಲು ಬರಲಿ, ಹುಡುಕಲು ಸುಲಭ.

ಆಹ್ವಾನದ ಲಿಂಕನ್ನು ಸ್ಟೇಟಸ್‌ಗೆ ಹಾಕಬೇಡಿ. ಅದು ಯಾರ ಕೈಗೆ ಹೋದರೂ ಬಾಗಿಲು ತಟ್ಟುತ್ತಾರೆ. ಅನಿವಾರ್ಯವಾಗಿ ಬಳಸಿದರೆ ಎಲ್ಲರೂ ಸೇರಿದ ದಿನವೇ ರಿಸೆಟ್ ಲಿಂಕ್ ಒತ್ತಿ.

ಸಾಮಾನ್ಯ ಗುಂಪಿನಲ್ಲಿ ಪ್ರತಿಯೊಬ್ಬರ ನಂಬರ್ ಪ್ರತಿಯೊಬ್ಬರಿಗೂ ಕಾಣುತ್ತದೆ. ಹೆಣ್ಣುಮಕ್ಕಳ ಪೋಷಕರು ಗುಂಪು ಬಿಡಲು ಇದೇ ದೊಡ್ಡ ಕಾರಣ, ಆದರೆ ಅವರು ಬಾಯಿಬಿಟ್ಟು ಹೇಳುವುದಿಲ್ಲ. ಈ ತಕರಾರು ಬರುವಂತಿದ್ದರೆ ಗುಂಪಿನ ಬದಲು ‘ಕಮ್ಯುನಿಟಿ’ ತೆರೆದು ಅದರ ಅನೌನ್ಸ್‌ಮೆಂಟ್ ಗುಂಪನ್ನು ಬಳಸಿ. ಅಲ್ಲಿ ಹೊಸ ಸಂದೇಶ ಹಾಕುವವರು ಅಡ್ಮಿನ್ ಮಾತ್ರ, ಸದಸ್ಯರ ನಂಬರ್ ಉಳಿದ ಸದಸ್ಯರಿಗೆ ಕಾಣುವುದಿಲ್ಲ.

ನಿಮ್ಮ ನಂಬರಿಗೂ ಒಂದು ಬೇಲಿ ಬೇಕು. ಎರಡನೆಯ ಸಿಮ್‌ಗೆ ವಾಟ್ಸ್‌ಆ್ಯಪ್ ಬಿಸಿನೆಸ್ ಹಾಕಿಕೊಂಡರೆ ಒಂದೇ ಫೋನಿನಲ್ಲಿ ಎರಡು ಖಾತೆ ನಡೆಯುತ್ತದೆ. ಅದರ ‘ಅವೇ ಮೆಸೇಜ್’ ಸೌಲಭ್ಯದಲ್ಲಿ ರಾತ್ರಿ ಎಂಟೂವರೆಯ ನಂತರ ತಾನಾಗಿ ಹೋಗುವ ಉತ್ತರ ಬರೆದಿಡಿ: ‘ನಾಳೆ ಶಾಲೆಯಲ್ಲಿ ಉತ್ತರಿಸುತ್ತೇನೆ. ಮಗುವಿಗೆ ಅಪಾಯವಿದ್ದರೆ 1098ಕ್ಕೆ ಕರೆ ಮಾಡಿ.’

ಕೊನೆಗೆ, ಪೋಷಕರ ಫೋನಿನ ಮೆಮೊರಿ. ‘ಫೋನ್ ತುಂಬಿಹೋಯಿತು’ ಎಂದು ಗುಂಪು ಬಿಡುವವರು ನಿಜವನ್ನೇ ಹೇಳುತ್ತಿದ್ದಾರೆ. ಮೊದಲ ಸಭೆಯಲ್ಲೇ ಅವರ ಫೋನ್ ಕೈಗೆ ತೆಗೆದುಕೊಂಡು ಸೆಟ್ಟಿಂಗ್ಸ್‌ನ ‘ಸ್ಟೋರೇಜ್ ಆ್ಯಂಡ್ ಡೇಟಾ’ದಲ್ಲಿ ಆಟೋ ಡೌನ್‌ಲೋಡ್ ನಿಲ್ಲಿಸಿಕೊಡಿ. ಒಬ್ಬೊಬ್ಬರಿಗೆ ಒಂದು ನಿಮಿಷದ ಕೆಲಸ.

ಹಂತ 5: ನಿಯಮದ ಸಂದೇಶ

ಉದ್ದ ಬರೆದರೆ ಯಾರೂ ಓದುವುದಿಲ್ಲ. ಈ ಐದು ಸಾಲು ಸಾಕು: ಪ್ರಶ್ನೆ ಬರುವುದು ಸೋಮ, ಬುಧ, ಶುಕ್ರ ಸಂಜೆ 7ಕ್ಕೆ. ‘ಓಕೆ’, ‘ಥ್ಯಾಂಕ್ಯೂ’ ಬೇಡ. ಉತ್ತರ ನೋಟ್‌ಬುಕ್‌ನಲ್ಲಿ. ಶಿಕ್ಷಕರು ವಿದ್ಯಾರ್ಥಿಗೆ ಒಬ್ಬರಿಗೇ ಖಾಸಗಿಯಾಗಿ ಸಂದೇಶ ಕಳಿಸುವುದಿಲ್ಲ, ವಿದ್ಯಾರ್ಥಿಯೂ ಕಳಿಸಬಾರದು. ರಜೆ, ಪರೀಕ್ಷೆ ಸುದ್ದಿ ಅಡ್ಮಿನ್ ಹಾಕಿದರೆ ಮಾತ್ರ ನಿಜ.

ಇದನ್ನು ಪಿನ್ ಮಾಡಿ. ಪಿನ್ ಹೆಚ್ಚೆಂದರೆ 30 ದಿನ ನಿಲ್ಲುತ್ತದೆ, ಆದ್ದರಿಂದ ಪ್ರತಿ ತಿಂಗಳ ಒಂದನೇ ತಾರೀಕು ಮತ್ತೆ ಪಿನ್ ಮಾಡಬೇಕು. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ, ಮರೆಯುವುದು ಗ್ಯಾರಂಟಿ.

ಹಂತ 6: ಸಂದೇಶದ ಒಳಗೆ ಏನಿರಬೇಕು

ನಿಜವಾದ ಪಾಠ ನಡೆಯುವುದು ಇಲ್ಲಿ. ಪ್ರತಿ ಸಂದೇಶದಲ್ಲಿ ನಾಲ್ಕು ಭಾಗ ಇರಬೇಕು: ಒಂದು ಕೆಲಸ, ಒಂದು ಪ್ರಶ್ನೆ, ಎಲ್ಲಿ ಬರೆಯಬೇಕು, ಯಾವಾಗ ನೋಡುತ್ತೇವೆ. ಕೆಲಸ ಎರಡಾದರೆ ಮಗು ಒಂದನ್ನೂ ಮಾಡುವುದಿಲ್ಲ.

ಹತ್ತನೆಯ ತರಗತಿಯ ‘ಬೆಳಕು: ಪ್ರತಿಫಲನ ಮತ್ತು ವಕ್ರೀಭವನ’ ಪಾಠವನ್ನೇ ತೆಗೆದುಕೊಳ್ಳಿ. ನಾಳೆ ನಿಮ್ನ ದರ್ಪಣ, ಅಂದರೆ ಒಳಕ್ಕೆ ಬಾಗಿದ ಕನ್ನಡಿ, ಶುರು. ಸಾಮಾನ್ಯವಾಗಿ ಹೋಗುವ ಸಂದೇಶ: ‘ನಾಳಿನ ಪಾಠ ಓದಿಕೊಂಡು ಬನ್ನಿ. ಈ ವಿಡಿಯೊ ನೋಡಿ.’ ಅದರ ಬದಲು ಇದು ಹೋಗಲಿ:

‘ಸ್ಟೀಲ್ ಚಮಚದ ಒಳಮೈ ನಿಮ್ಮ ಕಡೆ ಇರಲಿ. ಪೆನ್ನಿನ ಮೊನೆ ಮೇಲೆ ಮಾಡಿ, ಚಮಚದಿಂದ ಒಂದು ಗೇಣು ದೂರ ಹಿಡಿಯಿರಿ. ಮೊನೆ ಯಾವ ಕಡೆ ಕಾಣುತ್ತದೆ? ಈಗ ಪೆನ್ನನ್ನು ನಿಧಾನವಾಗಿ ಚಮಚಕ್ಕೆ ತಾಗುವಷ್ಟು ಹತ್ತಿರ ತನ್ನಿ. ಏನು ಬದಲಾಯಿತು? ಎರಡೂ ಚಿತ್ರ ನೋಟ್‌ಬುಕ್‌ನಲ್ಲಿ ಬರೆಯಿರಿ. ನಾಳೆ ಮೊದಲ ಪೀರಿಯಡ್‌ನಲ್ಲಿ ನೋಡೋಣ.’

ಗೇಣು ದೂರದಲ್ಲಿ ಮೊನೆ ತಲೆಕೆಳಗಾಗಿ, ಚಿಕ್ಕದಾಗಿ ಕಾಣುತ್ತದೆ. ತೀರಾ ಹತ್ತಿರ ತಂದರೆ ನೆಟ್ಟಗೆ ನಿಂತು ದೊಡ್ಡದಾಗುತ್ತದೆ. ಸತ್ಯ ಪ್ರತಿಬಿಂಬ, ಮಿಥ್ಯ ಪ್ರತಿಬಿಂಬ ಎಂಬ ಪದ ಕೇಳುವ ಮೊದಲೇ ಎರಡನ್ನೂ ಮಗು ಅಡುಗೆಮನೆಯಲ್ಲಿ ನೋಡಿ ಆಗಿರುತ್ತದೆ.

ಈ ಸಂದೇಶದಲ್ಲಿ ಮೂರು ಸಂಗತಿ ಗಮನಿಸಿ. ‘ಕಿಟಕಿ ನೋಡಿ’ ಎನ್ನದೆ ಪೆನ್ನು ಎಂದದ್ದು ಬೇಕೆಂದೇ. ಕಿಟಕಿಯ ಸರಳು ತಲೆಕೆಳಗಾದರೂ ಹಾಗೇ ಕಾಣುತ್ತದೆ, ಮಗು ‘ಏನೂ ಬದಲಾಗಲಿಲ್ಲ’ ಎಂದು ಬರೆಯುತ್ತದೆ. ಮೇಲು ಕೆಳಗು ಬೇರೆಬೇರೆ ಇರುವ ವಸ್ತುವೇ ಬೇಕು. ಎರಡನೆಯದು, ಫೋಟೊ ಕಳಿಸಿ ಎಂದಿಲ್ಲ. ಚಮಚದ ಫೋಟೊ ತೆಗೆದರೆ ಅದರೊಳಗೆ ಮಗುವಿನ ಮುಖವೂ ಮನೆಯೂ ಬರುತ್ತವೆ. ಮೂರನೆಯದೇ ದೊಡ್ಡದು: ಇದಕ್ಕೆ ಬೇಕಾದ್ದು ಚಮಚ, ಫೋನಲ್ಲ. ಫೋನು ಪ್ರಶ್ನೆಯನ್ನು ಹೊತ್ತು ತಂದು ಪಕ್ಕಕ್ಕೆ ಸರಿಯಿತು. ಜೋಡಿಯ ಗೆಳತಿಯಿಂದ ಕೇಳಿಸಿಕೊಂಡ ಹುಡುಗಿಯೂ ಅಷ್ಟೇ ಚೆನ್ನಾಗಿ ಮಾಡಬಲ್ಲಳು.

ಸಮಾಜ ವಿಜ್ಞಾನಕ್ಕೆ ಮನೆಯ ಕರೆಂಟ್ ಬಿಲ್, ಗಣಿತಕ್ಕೆ ಕಿರಾಣಿ ಚೀಟಿ, ಕನ್ನಡಕ್ಕೆ ಅಜ್ಜಿಯ ಒಂದು ಗಾದೆ. ಸೂತ್ರ ಒಂದೇ.

ಧ್ವನಿ ಸಂದೇಶ: ತೊಂಬತ್ತು ಸೆಕೆಂಡು ದಾಟಬೇಡಿ. ಡೇಟಾ ಬಹಳ ಕಡಿಮೆ ತಿನ್ನುತ್ತದೆ, ಓದಲು ತಡವರಿಸುವ ಮಗುವಿಗೂ ತಲುಪುತ್ತದೆ. ಫ್ಯಾನ್ ಆರಿಸಿ, ಫೋನನ್ನು ಬಾಯಿಂದ ಒಂದು ಗೇಣು ದೂರ ಹಿಡಿದು ಮಾತನಾಡಿ. ಕೊನೆಯ ವಾಕ್ಯ ಪ್ರಶ್ನೆಯಾಗಿರಲಿ.

ವಿಡಿಯೊ: ಚಿತ್ರ ಬಿಡಿಸುತ್ತಾ ವಿವರಿಸಬೇಕಾದಲ್ಲಿ ಮಾತ್ರ, ಉದಾಹರಣೆಗೆ ಕಿರಣ ಚಿತ್ರಕ್ಕೆ. ಐದು ನಿಮಿಷದ ಒಳಗೆ ಮುಗಿಸಿ. ಮುಖ ತೋರಿಸುವ ಅಗತ್ಯವಿಲ್ಲ, ಹಾಳೆ ಮತ್ತು ಕೈ ಕಂಡರೆ ಸಾಕು. ಕಿಟಕಿಯ ಬೆಳಕು ನಿಮ್ಮ ಎಡಗಡೆಯಿಂದ ಬರಲಿ, ಇಲ್ಲದಿದ್ದರೆ ಬರೆಯುವ ಬಲಗೈಯ ನೆರಳು ಹಾಳೆಯ ಮೇಲೆ ಬೀಳುತ್ತದೆ. ಎಡಗೈಯವರಾದರೆ ಬೆಳಕು ಬಲಕ್ಕೆ. ವಾಟ್ಸ್‌ಆ್ಯಪ್‌ನಲ್ಲಿ ನೇರ ಕಳಿಸಿದರೆ ಅಕ್ಷರ ಮಸುಕಾಗುತ್ತದೆ, ಎಲ್ಲರ ಫೋನೂ ತುಂಬುತ್ತದೆ. ಯೂಟ್ಯೂಬ್‌ಗೆ ಹಾಕಿ ಲಿಂಕ್ ಕೊಡಿ.

ಯೂಟ್ಯೂಬ್‌ಗೆ ಹಾಕುವಾಗ ‘ಅನ್‌ಲಿಸ್ಟೆಡ್’ ಆಯ್ದುಕೊಳ್ಳಿ. ಹುಡುಕಿದವರಿಗೆ ಸಿಗುವುದಿಲ್ಲ, ಲಿಂಕ್ ಇದ್ದವರಿಗೆ ತೆರೆಯುತ್ತದೆ. ‘ಪ್ರೈವೇಟ್’ ಮಾಡಿದರೆ ಲಿಂಕ್ ಇದ್ದರೂ ತೆರೆಯುವುದಿಲ್ಲ, ಅರ್ಧ ದಿನ ಫೋನ್ ಕರೆಗಳಿಗೆ ಉತ್ತರ ಹೇಳುತ್ತಾ ಕೂರುತ್ತೀರಿ. ‘ಮೇಡ್ ಫಾರ್ ಕಿಡ್ಸ್’ ಎಂದು ಗುರುತಿಸಿದ ವಿಡಿಯೊಗೆ ಕಾಮೆಂಟ್ ಬರುವುದಿಲ್ಲ. ಹಾಗೆ ಗುರುತಿಸದಿದ್ದರೆ ಕಾಮೆಂಟನ್ನು ನೀವೇ ಆಫ್ ಮಾಡಿ. ಫೋನ್ ನಂಬರ್‌ನಿಂದ ಖಾತೆ ದೃಢಪಡಿಸದಿದ್ದರೆ 15 ನಿಮಿಷಕ್ಕಿಂತ ಉದ್ದದ ವಿಡಿಯೊ ಹತ್ತುವುದಿಲ್ಲ. ಅಷ್ಟು ಉದ್ದ ಮಾಡುವ ಆಸೆಯೂ ಬೇಡ.

ಪಠ್ಯಪುಸ್ತಕದ ಪಾಠಗಳಲ್ಲಿರುವ ಕ್ಯೂಆರ್ ಕೋಡನ್ನು ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ಮೊದಲು ತೆರೆದು ನೋಡಿ. ಅಲ್ಲಿ ಸಿಗುವುದನ್ನು ನೀವು ಮತ್ತೆ ತಯಾರಿಸುವುದು ದಂಡ. ಖಾಸಗಿ ಗೈಡಿನ ಪುಟಗಳನ್ನು ಸ್ಕ್ಯಾನ್ ಮಾಡಿ ಹಂಚುವುದು ಹಕ್ಕುಸ್ವಾಮ್ಯದ ಉಲ್ಲಂಘನೆ, ಅದು ನಿಮ್ಮ ಹೆಸರಿನ ನಂಬರಿನಿಂದಲೇ ಹೋಗಿರುತ್ತದೆ ಎಂಬುದೂ ನೆನಪಿರಲಿ.

ಅಕ್ಷರದ ತೊಂದರೆ: ಕಂಪ್ಯೂಟರಿನಲ್ಲಿ ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ ಪ್ರಶ್ನೆಯನ್ನು ಕಾಪಿ ಮಾಡಿ ಗುಂಪಿಗೆ ಹಾಕಿದರೆ ಅಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ ಕಾಣುತ್ತವೆ. ಆ ಫಾಂಟ್‌ಗಳು ಯೂನಿಕೋಡ್ (ಎಲ್ಲ ಫೋನ್, ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದಿರುವುದೇ ಕಾರಣ. ಯೂನಿಕೋಡ್‌ಗೆ ಪರಿವರ್ತಿಸಿ, ಇಲ್ಲವೇ ಪಿಡಿಎಫ್ ಮಾಡಿ ಕಳಿಸಿ. ಚಿಕ್ಕ ಸಂದೇಶವಾದರೆ ಫೋನಿನ ಕನ್ನಡ ಕೀಲಿಮಣೆಯ ಮೈಕ್ ಒತ್ತಿ ಮಾತನಾಡುವುದೇ ಬೇಗ. ‘ಪ್ರತಿಬಿಂಬ’ದಂಥ ಪದಗಳನ್ನು ಕಳಿಸುವ ಮೊದಲು ಓದಿ ನೋಡಿ. ತಪ್ಪು ಹೋದರೆ ತಿದ್ದಲು 15 ನಿಮಿಷ ಸಮಯವಿದೆ.

ಹಂತ 7: ತಿಳಿಯಿತೇ ಎಂದು ಅಳೆಯುವುದು

‘ಎಲ್ಲರಿಗೂ ಅರ್ಥವಾಯಿತಾ?’ ಎಂದು ಗುಂಪಿನಲ್ಲಿ ಕೇಳಿದರೆ ಬರುವುದು ಹೆಬ್ಬೆರಳು. ತಪ್ಪು ಉತ್ತರವೂ ಏನನ್ನಾದರೂ ಹೇಳುವಂತೆ ಪ್ರಶ್ನೆ ಕಟ್ಟಬೇಕು. ಚಮಚದ ಪಾಠ ಮುಗಿದ ಮೇಲೆ ಹಾಕಬಹುದಾದ ಪ್ರಶ್ನೆ:

ನಿಮ್ನ ದರ್ಪಣದ ಸಂಗಮದೂರ 15 ಸೆಂ.ಮೀ. ವಸ್ತು 10 ಸೆಂ.ಮೀ. ಮುಂದಿದೆ. ಪ್ರತಿಬಿಂಬ ಎಲ್ಲಿ?
ಅ) ದರ್ಪಣದ ಹಿಂದೆ 30 ಸೆಂ.ಮೀ.
ಆ) ದರ್ಪಣದ ಮುಂದೆ 30 ಸೆಂ.ಮೀ.
ಇ) ದರ್ಪಣದ ಹಿಂದೆ 6 ಸೆಂ.ಮೀ.
ಈ) ಪ್ರತಿಬಿಂಬ ಅನಂತ ದೂರದಲ್ಲಿ

ಸರಿ ಉತ್ತರ ಅ. ಪ್ರತಿಬಿಂಬ ಮೂರು ಪಟ್ಟು ದೊಡ್ಡದು, ನೇರ, ಮಿಥ್ಯ. ಆ ಎಂದವರು ಎರಡೂ ದೂರಕ್ಕೆ ಋಣ ಚಿಹ್ನೆ (ದರ್ಪಣದ ಮುಂದಿನ ದೂರಗಳಿಗೆ ಇದು ಬೇಕು) ಹಾಕದೆ ಲೆಕ್ಕ ಮಾಡಿ, ಕೊನೆಯಲ್ಲಿ ಬಂದ ಋಣ 30ನ್ನು ‘ಮುಂದೆ’ ಎಂದು ಓದಿದ್ದಾರೆ. ಇ ಎಂದವರು ವಸ್ತುದೂರಕ್ಕೆ ಋಣ ಹಾಕಿ, ಸಂಗಮದೂರಕ್ಕೆ ಮರೆತಿದ್ದಾರೆ. ಈ ಎಂದವರು ವಸ್ತು ಸಂಗಮಬಿಂದುವಿನಲ್ಲೇ ಇರುವ ಸಂದರ್ಭದ ಉತ್ತರವನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದಾರೆ. ಮೂರು ತಪ್ಪಿಗೆ ಮೂರು ಬೇರೆ ಮದ್ದು. ನಾಳೆ ಯಾವುದಕ್ಕೆ ಎಷ್ಟು ನಿಮಿಷ ಎಂಬುದು ರಾತ್ರಿಯೇ ಗೊತ್ತಾಗುತ್ತದೆ.

ಇದನ್ನು ವಾಟ್ಸ್‌ಆ್ಯಪ್ ಪೋಲ್‌ನಲ್ಲಿ ಕೇಳಿದರೆ ಒಂದು ಎಡವಟ್ಟಿದೆ. ಯಾರು ಯಾವುದನ್ನು ಒತ್ತಿದರೆಂದು ಗುಂಪಿಗೆಲ್ಲ ಕಾಣುತ್ತದೆ. ತರಗತಿಯ ಫಸ್ಟ್ ರ‍್ಯಾಂಕ್ ಹುಡುಗ ಒತ್ತುವವರೆಗೆ ಕಾದು, ಉಳಿದವರು ಅದನ್ನೇ ಒತ್ತುತ್ತಾರೆ. ನೂರಕ್ಕೆ ತೊಂಬತ್ತು ಸರಿ ಉತ್ತರ ನೋಡಿ ಮೇಷ್ಟ್ರು ಹಿಗ್ಗುತ್ತಾರೆ. ಪೋಲನ್ನು ‘ನಾಳೆ ಪ್ರಯೋಗಾಲಯವೋ ಪುನರಾವರ್ತನೆಯೋ’ ಎಂಬಂಥ ಪ್ರಶ್ನೆಗೆ ಇಟ್ಟುಕೊಳ್ಳಿ, ಆಗಲೂ ಒಂದಕ್ಕಿಂತ ಹೆಚ್ಚು ಉತ್ತರ ಒತ್ತುವ ಅವಕಾಶವನ್ನು ಆಫ್ ಮಾಡಿ.

ಕಲಿಕೆ ಅಳೆಯಲು ಗೂಗಲ್ ಫಾರ್ಮ್ ಸರಿ. ಅದರಲ್ಲಿ ಇಮೇಲ್ ಸಂಗ್ರಹ ಆಫ್, ‘ಒಬ್ಬರಿಗೆ ಒಂದೇ ಉತ್ತರ’ ಎಂಬ ಮಿತಿಯೂ ಆಫ್ ಇರಲಿ. ಆ ಮಿತಿ ಆನ್ ಇದ್ದರೆ ಗೂಗಲ್ ಖಾತೆಗೆ ಲಾಗಿನ್ ಕೇಳುತ್ತದೆ, ಅಪ್ಪನ ಫೋನಿನಲ್ಲಿ ಪಾಸ್‌ವರ್ಡ್ ಗೊತ್ತಿಲ್ಲದ ಮಗು ಅಲ್ಲೇ ನಿಲ್ಲುತ್ತದೆ. ಫೈಲ್ ಅಪ್‌ಲೋಡ್ ಪ್ರಶ್ನೆ ಹಾಕಿದರೂ ಇದೇ ಗತಿ. ಹೆಸರಿನ ಬದಲು ಹಾಜರಿ ಸಂಖ್ಯೆ ಕೇಳಿ. ಪ್ರಶ್ನೆಗಳು ಮೂರಕ್ಕೆ ನಿಲ್ಲಲಿ. ‘ಯಾಕೆ ಹಾಗೆ ಅನ್ನಿಸಿತು, ಒಂದು ಸಾಲು’ ಎಂಬ ಜಾಗ ಕೊನೆಗೆ ಇಡಿ. ನಾಲ್ಕೇ ಜನ ಬರೆದರೂ ಅದರಲ್ಲಿ ಸಿಗುವುದು ಅಂಕಪಟ್ಟಿಯಲ್ಲಿ ಸಿಗುವುದಿಲ್ಲ.

ಹಂತ 8: ಮಾರನೆಯ ದಿನ, ಮೊದಲ ಏಳು ನಿಮಿಷ

ಈ ಹಂತ ತಪ್ಪಿದರೆ ಹಿಂದಿನ ಏಳೂ ವ್ಯರ್ಥ. ಹಾಜರಿ ಮುಗಿದ ಕೂಡಲೇ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆಯಿರಿ, ಫೋನ್ ಸಿಗದವರು ಈಗ ನೋಡುತ್ತಾರೆ. ಎರಡು ನಿಮಿಷ ಜೋಡಿಯಲ್ಲಿ ಮಾತನಾಡಲಿ. ಇಬ್ಬರ ನೋಟ್‌ಬುಕ್ ಚಿತ್ರ ಹಲಗೆಗೆ ಬರಲಿ, ಒಂದು ಸರಿ, ಒಂದು ತಪ್ಪು, ಯಾರದೆಂದು ಹೇಳಬೇಡಿ. ಉಳಿದ ನಿಮಿಷಗಳಲ್ಲಿ ಹೆಚ್ಚು ಜನ ಮಾಡಿದ ತಪ್ಪೊಂದನ್ನು ಮಾತ್ರ ತಿದ್ದಿ, ಪಾಠಕ್ಕೆ ಹೋಗಿ.

‘ನಿನ್ನೆ ಮೆಸೇಜ್ ನೋಡಲಿಲ್ಲವಾ?’ ಎಂದು ಯಾರನ್ನೂ ನಿಲ್ಲಿಸಬೇಡಿ. ನೀಲಿ ಟಿಕ್ ಹಾಜರಿಯಲ್ಲ, ಅದು ಅಪ್ಪ ಫೋನ್ ತೆರೆದದ್ದಕ್ಕೆ ಸಾಕ್ಷಿ ಅಷ್ಟೇ. ಗುಂಪಿನ ಕೆಲಸಕ್ಕೆ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನದ) ಅಂಕ ಕೊಡುವುದೂ ತಪ್ಪು, ಅದು ಕಲಿಕೆಯನ್ನು ಬಿಟ್ಟು ಮನೆಯ ಡೇಟಾ ಪ್ಯಾಕಿಗೆ ಕೊಟ್ಟ ಅಂಕವಾಗುತ್ತದೆ.

ಕಿರುಪರೀಕ್ಷೆಯ ಅಂಕಪಟ್ಟಿಯನ್ನು ಹೆಸರು ಸಮೇತ ಗುಂಪಿಗೆ ಹಾಕುವ ಅಭ್ಯಾಸ ಹಲವು ಶಾಲೆಗಳಲ್ಲಿದೆ. ಕಡಿಮೆ ಬಂದ ಮಗುವಿನ ಅಪ್ಪ ಅದನ್ನು ನಲವತ್ತು ಮನೆಯವರ ಜೊತೆ ಒಟ್ಟಿಗೆ ಓದುತ್ತಾನೆ, ಆ ರಾತ್ರಿ ಮನೆಯಲ್ಲಿ ಏನಾಗುತ್ತದೆಂದು ನಮಗೆ ಕಾಣುವುದಿಲ್ಲ. ಅಂಕ ಚೀಟಿಯಲ್ಲಿ ಹೋಗಲಿ.

ಹಂತ 9: ಜಾಲತಾಣವನ್ನೇ ಪಾಠ ಮಾಡುವುದು

ಎರಡು ತಿಂಗಳು ಗುಂಪು ಸರಿಯಾಗಿ ನಡೆದ ಮೇಲೆ ಇದನ್ನು ಸೇರಿಸಿ. ಮಳೆಗಾಲದಲ್ಲಿ ಕರಾವಳಿ, ಮಲೆನಾಡು, ಕೊಡಗಿನ ಕಡೆ ‘ನಾಳೆ ಶಾಲೆಗೆ ರಜೆ, ಜಿಲ್ಲಾಧಿಕಾರಿ ಆದೇಶ’ ಎಂಬ ಚಿತ್ರ ಹರಿದಾಡುವುದು ಮಕ್ಕಳಿಗೆ ಚೆನ್ನಾಗಿ ಗೊತ್ತು. ಅದಕ್ಕಿಂತ ಒಳ್ಳೆಯ ಪಠ್ಯ ಸಿಗುವುದಿಲ್ಲ, ಎಲ್ಲರೂ ಅದನ್ನು ಮನಸ್ಸಿಟ್ಟು ಓದಿರುತ್ತಾರೆ. ಅಂಥದೊಂದರ ಪ್ರತಿಯನ್ನು ಮುದ್ರಿಸಿ ತರಗತಿಗೆ ತಂದು ಐದು ಪ್ರಶ್ನೆ ಕೇಳಿ: ದಿನಾಂಕದಲ್ಲಿ ವರ್ಷ ಯಾವುದು? ಆ ದಿನಾಂಕಕ್ಕೂ ಬರೆದ ವಾರಕ್ಕೂ ತಾಳೆಯಾಗುತ್ತದೆಯೇ? ಯಾವ ತಾಲ್ಲೂಕಿಗೆ ಅನ್ವಯ? ಅಂಗನವಾಡಿ, ಪಿಯು, ಪದವಿ ಕಾಲೇಜು, ಯಾವುದರವರೆಗೆ? ಇದೇ ಸುದ್ದಿ ಜಿಲ್ಲಾಡಳಿತದ ಅಧಿಕೃತ ಪುಟದಲ್ಲಿ ಇದೆಯೇ?

ಕಳೆದ ವರ್ಷದ ನಿಜವಾದ ಆದೇಶವನ್ನೇ ಈ ವರ್ಷ ತಿರುಗಿ ಹಂಚುವುದು ಸಾಮಾನ್ಯ ತಂತ್ರ. ಸಹಿ, ಮೊಹರು ಎಲ್ಲ ಅಸಲಿ, ವರ್ಷ ಮಾತ್ರ ಹಳೆಯದು. ಇದನ್ನು ಹಿಡಿದ ಮಗು ಮುಂದೆ ಅಪ್ಪನ ಫೋನಿಗೆ ಬರುವ ಸ್ಕಾಲರ್‌ಶಿಪ್ ಲಿಂಕನ್ನೂ ಅನುಮಾನದಿಂದ ನೋಡುತ್ತದೆ.

ಎಚ್ಚರಿಕೆಯ ಚಿಹ್ನೆಗಳು

ಶಿಕ್ಷಕರಿಲ್ಲದ ಇನ್ನೊಂದು ಗುಂಪು ಹುಟ್ಟಿಕೊಂಡಿದೆ ಎಂದು ಕೇಳಿಬಂದರೆ ಗದರಬೇಡಿ, ಗೂಢಚಾರನನ್ನೂ ಬಿಡಬೇಡಿ. ಅಲ್ಲಿ ಯಾರನ್ನಾದರೂ ಗೇಲಿ ಮಾಡಲಾಗುತ್ತಿದೆಯೇ ಎಂದು ತರಗತಿಯ ಮುಖಗಳೇ ಹೇಳುತ್ತವೆ. ನಿನ್ನೆವರೆಗೆ ಮಾತನಾಡುತ್ತಿದ್ದ ಹುಡುಗಿ ಒಮ್ಮೆಲೇ ಸುಮ್ಮನಾದರೆ, ಹಿಂದಿನ ಬೆಂಚಿಗೆ ಹೋದರೆ, ಮೇಡಂ ಒಬ್ಬರು ಬಿಡುವಿನಲ್ಲಿ ಮಾತನಾಡಿಸಲಿ.

ಗುಂಪಿನಲ್ಲಿ ಒಂದು ನಂಬರಿನ ಡಿಪಿ ಬದಲಾಗಿ ಗುರುತಿಲ್ಲದ ಮುಖ ಬಂದರೆ ಅದೇ ದಿನ ವಿಚಾರಿಸಿ. ರೀಚಾರ್ಜ್ ಮಾಡದೆ ಬಿಟ್ಟ ಸಿಮ್ ನಂಬರನ್ನು ಕಂಪನಿಯವರು ಕೆಲವು ತಿಂಗಳ ನಂತರ ಬೇರೆಯವರಿಗೆ ಕೊಡುತ್ತಾರೆ. ಮಕ್ಕಳ ಗುಂಪಿನಲ್ಲಿ ಅಪರಿಚಿತನೊಬ್ಬ ಕೂತಿರಬಹುದು. ದಸರಾ ರಜೆ ಮುಗಿದ ವಾರ ಎಲ್ಲ ನಂಬರುಗಳನ್ನೂ ಪಟ್ಟಿಯ ಜೊತೆ ತಾಳೆ ನೋಡಿ.

ಬೆದರಿಕೆ, ನಿಂದನೆಯ ಸಂದೇಶ ಬಂದರೆ ಮೊದಲು ಅಳಿಸಬೇಡಿ. ನಂಬರ್, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಎಚ್‌ಎಂಗೆ ತೋರಿಸಿ, ಆಮೇಲೆ ಅಡ್ಮಿನ್ ಆಗಿ ಎಲ್ಲರ ಫೋನಿನಿಂದ ಅಳಿಸಿ. ಮಗುವಿನ ಅಶ್ಲೀಲ ಚಿತ್ರವಾದರೆ ಈ ಕ್ರಮ ಅನ್ವಯಿಸುವುದಿಲ್ಲ. ಸ್ಕ್ರೀನ್‌ಶಾಟ್ ಬೇಡ, ಸಾಕ್ಷಿಗೆಂದು ಎಚ್‌ಎಂಗೂ ಫಾರ್ವರ್ಡ್ ಮಾಡಬೇಡಿ, ಅಂಥ ಚಿತ್ರವನ್ನು ಸಂಗ್ರಹಿಸುವುದು, ಕಳಿಸುವುದು ಐಟಿ ಕಾಯ್ದೆಯಡಿ ಅಪರಾಧ. ಬಂದ ಫೋನನ್ನು ಹಾಗೇ ತೆಗೆದುಕೊಂಡು ಎಚ್‌ಎಂ ಜೊತೆ ಪೊಲೀಸರ ಬಳಿ ಹೋಗಿ. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದವರು ದೂರು ಕೊಡಲೇಬೇಕು ಎನ್ನುತ್ತದೆ 2012ರ ಪೋಕ್ಸೊ ಕಾಯ್ದೆ. ‘ಶಾಲೆಯ ಮರ್ಯಾದೆ’ ಎಂದು ಮುಚ್ಚಿಟ್ಟವರಿಗೂ ಶಿಕ್ಷೆಯಿದೆ. ಮಕ್ಕಳ ಸಹಾಯವಾಣಿ 1098. ಹಣ ಕಳೆದುಕೊಂಡ ಆನ್‌ಲೈನ್ ವಂಚನೆಗೆ 1930, ಎಷ್ಟು ಬೇಗ ಕರೆ ಮಾಡಿದರೆ ಅಷ್ಟು ಒಳ್ಳೆಯದು.

ಹಂತ 10: ಗುಂಪು ಮುಚ್ಚುವುದು

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದು, ಅಂಕಪಟ್ಟಿ ವಿತರಣೆ ಮುಗಿದ ಮೇಲೆ ಗುಂಪಿಗೆ ಕೆಲಸವಿಲ್ಲ. ಹಾಗೇ ಬಿಟ್ಟರೆ ಮುಂದಿನ ಚುನಾವಣೆ ಹೊತ್ತಿಗೆ ಅದು ಯಾವುದೋ ಪಕ್ಷದ ಗುಂಪಾಗಿರುತ್ತದೆ. ಮೊದಲು ‘ಎಕ್ಸ್‌ಪೋರ್ಟ್ ಚಾಟ್’ ಒತ್ತಿ, ಮಾಧ್ಯಮ ಫೈಲುಗಳಿಲ್ಲದೆ ನಿಮ್ಮ ಪ್ರಶ್ನೆಗಳನ್ನು ಉಳಿಸಿಕೊಳ್ಳಿ, ಮುಂದಿನ ವರ್ಷ ಅರ್ಧ ಕೆಲಸ ಕಡಿಮೆ. ಫಾರ್ಮ್‌ಗಳ ಉತ್ತರ, ಫೋನ್ ಲೆಕ್ಕದ ಚೀಟಿ ನಾಶ ಮಾಡಿ. ಎರಡು ದಿನ ಮುಂಚೆ ಗುಂಪಿನಲ್ಲಿ ತಿಳಿಸಿ, ಒಬ್ಬೊಬ್ಬರನ್ನೇ ತೆಗೆಯಿರಿ, ಕೊನೆಗೆ ಇಬ್ಬರು ಅಡ್ಮಿನ್‌ಗಳೂ ಹೊರಬನ್ನಿ. ಅನುಕ್ರಮ ತಿರುವುಮುರುವಾಗಿ ನೀವಿಬ್ಬರೇ ಮೊದಲು ಹೊರಬಂದರೆ ವಾಟ್ಸ್‌ಆ್ಯಪ್ ಉಳಿದವರಲ್ಲಿ ಯಾರನ್ನೋ ತಾನಾಗಿ ಅಡ್ಮಿನ್ ಮಾಡುತ್ತದೆ, ಶಾಲೆಯ ಹೆಸರು ಹೊತ್ತ ಗುಂಪು ಅವರ ಕೈ ಸೇರುತ್ತದೆ.